ಜಿದ್ದಾದ ಟಾರ್ಚು

ಕೀಲಿಗೆಂದು ಇಸಿದುಕೊಂಡ ಟಾರ್ಚು ಅತ್ತೆಯ ಕೈಯಿಂದ ಜಾರಿ ಮಗ್ಗದ ಕುಣಿಯೊಳಗೆ ಬಿತ್ತು. ಬೇಕೆಂದೇ ಬೀಳಿಸಿದಳು ಅಂದುಕೊಂಡಳು ಹಸೀನಾಬಿ.

ಕುಣಿಗಿಳಿದು, ಕಾಲಿನಿಂದ ತುಳಿಯುವ ಹಲಗೆಗಳ ನಡುವೆ ತಡಕಾಡಿ ಎತ್ತಿಕೊಂಡಳು. ಹೆಬ್ಬೆರಳಷ್ಟೇ ದಪ್ಪದ ಟಾರ್ಚು. ಹಿಂತುದಿಯ ಬಳೆಗೆ ಮನೆಯ ಕೀಲಿಕೈ ಪೋಣಿಸಿತ್ತು. ಗುಂಡಿ ಒತ್ತಿದಳು. ಹತ್ತಲಿಲ್ಲ. ಅಂಗೈಗೆ ಬಡಿದು ಮತ್ತೆ ಒತ್ತಿದಳು. ಒಳಗೆ ಏನೋ ಸಡಿಲಾಗಿ ಅಲುಗಿತು, ಅಷ್ಟೆ.

“ಖರೇನ ಕೈ ಜಾರ್ತು,” ಅಂದಳು ಅತ್ತೆ ಗುಲಾಬಬಿ. “ಹೋಗ್ಲಿ ಬಿಡು. ಹೊರಗ ಆ ಮನಷ್ಯಾ ಕುಂತಾನ. ಅವಂಗೇನ್ ಹೇಳ್ಲಿ?”

ಹೊರಗಿನ ಕಟ್ಟೆಯ ಮೇಲೆ ಕುಳಿತವನು ಕಳಸಾಪುರದ ಮೌಲಾಸಾಬ. ಹೆಂಡತಿ ತೀರಿಕೊಂಡ ರೈತ. ಹಸೀನಾಬಿ ಹ್ಞೂಂ ಅಂದರೆ ನಿಕಾಹ ಮಾಡಿಕೊಳ್ಳುವುದಾಗಿ ವರ್ಷದಿಂದ ಕಾಯುತ್ತಿದ್ದ. ಇವತ್ತು ಕೊನೆಯ ಸಲ ಕೇಳಿ ಹೋಗಲು ಬಂದಿದ್ದ. ಸಂಬಂಧ ತಂದವಳು ಬೇರೆ ಯಾರೂ ಅಲ್ಲ, ಇದೇ ಗುಲಾಬಬಿ. ಹೆತ್ತ ಮಗ ಇದ್ದಾನೋ ಇಲ್ಲವೋ ತಿಳಿಯದಿರುವಾಗ ಸೊಸೆಯನ್ನು ಇನ್ನೊಬ್ಬನಿಗೆ ಕೊಡಲು ಹೊರಟ ಅತ್ತೆಯನ್ನು ಬೆಟಗೇರಿಯಲ್ಲಿ ಯಾರೂ ಕಂಡಿರಲಿಲ್ಲ. ಕಾರಣ ಹಸೀನಾಬಿಗೆ ಗೊತ್ತಿತ್ತು. ಗುಲಾಬಬಿಯ ಮಗಳು ದಿಲಶಾದಬಿಯ ಗಂಡನೂ ನೇಕಾರನೇ; ಅವನಿಗೆ ಸ್ವಂತ ಮಗ್ಗವಿಲ್ಲ. ಸೊಸೆ ಎದ್ದು ಹೋದರೆ ಮಗ್ಗ ಮಗಳಿಗೆ.

ಹಸೀನಾಬಿಯ ಗಂಡ ಶೇಖಸಾಬ ಎಂಬತ್ತೊಂದರಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ದುಡಿಯಲು ಸೌದಿಯ ಜಿದ್ದಾಕ್ಕೆ ಹೊರಟಿದ್ದ. ಆಮೇಲೆ ಸುದ್ದಿಯಿಲ್ಲ. ನಾಲ್ಕು ವರ್ಷ ಗಂಡನ ಖಬರು ಇಲ್ಲದಿದ್ದರೆ ಹೆಂಗಸು ಬಿಡುಗಡೆ ಕೇಳಬಹುದು. ಜಮಾತಿನ ಹಿರಿಯರು ಕೂತು ಮಾತಾಡಿದ್ದರು. ಬಿಡುಗಡೆಯಾದರೆ ಅವಳು ಲಕ್ಷ್ಮೇಶ್ವರದ ತವರಿಗೆ ಹೋಗಬೇಕು, ನಿಕಾಹ ಅಲ್ಲಿಂದಲೇ ಆಗಬೇಕು, ತೀರಿಹೋದ ಅಪ್ಪನ ಮನೆಯಲ್ಲಿ ಅವಳ ಪಾಲನ್ನೂ ಅಣ್ಣ ಆಗಲೇ ಬಿಟ್ಟುಕೊಡಬೇಕು ಎಂದಿದ್ದರು. ಅವಳ ಅಣ್ಣ, ಮೆಣಸಿನಕಾಯಿ ವ್ಯಾಪಾರದ ಕರೀಮಸಾಬ, ಎಲ್ಲದಕ್ಕೂ ತಲೆಯಾಡಿಸಿದ್ದ.

ಹೋದ ವರ್ಷ ಹಿರಿಯರು ಎರಡನೆಯ ಸಲ ಕೂತಾಗ ಟಾರ್ಚು ತಂದವನೂ ಅವನೇ. ಜಿದ್ದಾದಿಂದ ಬಂದ ಯಾರೋ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಶೇಖಸಾಬ ಹೆಂಡತಿಗೆ ಕಳಿಸಿದ್ದೆಂದು ಕೊಟ್ಟರಂತೆ. ಸಂಜೆಯ ನಮಾಜು ಮುಗಿದಿತ್ತು. ಕರೀಮಸಾಬ ಹಿರಿಯರ ಮುಂದೆ ಗುಂಡಿ ಒತ್ತಿದ. ಅವರ ಗಡ್ಡಗಳ ಮೇಲೆ ಹಳದಿ ಬೆಳಕು ಆಡಿತು.

“ಸತ್ತಾಂವ ಬೆಳಕ ಕಳಸ್ತಾನೇನ್ರಿ?” ಎಂದು ಕೇಳಿದ್ದ.

ಮಾತು ಅಲ್ಲಿಗೇ ನಿಂತಿತು. ತಂಗಿಯ ಸಂಸಾರ ಮುರಿಯದಂತೆ ಅಡ್ಡ ನಿಂತವನು ಅವನೊಬ್ಬನೇ. ಟಾರ್ಚು ಕೆಟ್ಟರೆ ಗದಗಿನವರ ಕೈಗೆ ಕೊಡಬೇಡ, ಪರದೇಶದ ಮಾಲು ಅವರಿಗೇನು ತಿಳಿಯುತ್ತದೆ, ನನಗೇ ಕೊಡು ಎಂದೂ ಹೇಳಿ ಹೋಗಿದ್ದ. ಅಂದಿನಿಂದ ಅದು ಅವಳ ಸೊಂಟ ಬಿಟ್ಟಿರಲಿಲ್ಲ. ಅದರ ಮೈಮೇಲೆ ಒಂದು ಕಡೆ ಬಣ್ಣ ಹೋಗಿತ್ತು. ಗಂಡನ ಹೆಬ್ಬೆರಳು ಉಜ್ಜಿ ಉಜ್ಜಿ ಸವೆದದ್ದೆಂದು ಅವಳು ಅಲ್ಲಿಯೇ ಬೆರಳಿಡುತ್ತಿದ್ದಳು.

“ಇದನ್ನ ಹಿಡ್ಕೊಂಡು ಇನ್ನೆಷ್ಟ ವರ್ಷ ಕುಂಡ್ರತೀ?” ಗುಲಾಬಬಿಯ ದನಿ ಒಡೆದಿತ್ತು. “ನನ್ನ ಮಗಾ ನನಗ ಗೊತ್ತು. ಇದ್ದಿದ್ರ ತಾಯಿಗೆ ಒಂದ ಮಾತರ ಹೇಳಿ ಕಳಸ್ತಿದ್ದ. ಅಂವ ಇಲ್ಲ. ನೀ ನಿನ್ನ ಬಾಳೇ ನೋಡ್ಕೋ.”

“ಮಗ್ಗ ಬೇಕಂತ ಬಾಯಿಬಿಟ್ಟ ಹೇಳ್ರಿ, ಅತ್ತಿ. ಅದಕ್ಕ ಮಗನ್ನ ಯಾಕ ಕೊಲ್ತೀರಿ?”

ಗುಲಾಬಬಿ ಗೋಡೆ ಹಿಡಿದು ಕುಳಿತಳು.

ಹಸೀನಾಬಿ ತಾನೇ ಬಾಗಿಲ ಮರೆಗೆ ಬಂದು ನಿಂತು, ನನ್ನ ಗಂಡ ಇದ್ದಾನೆ, ಇನ್ನು ಬರಬೇಡಿ ಎಂದಳು. ಮೌಲಾಸಾಬ ಟೊಪ್ಪಿಗೆ ಸರಿಮಾಡಿಕೊಂಡು ಎದ್ದ. ಮುಂಡರಗಿ ಕಡೆಯವರು ಹೆಣ್ಣು ಕೊಡಲು ಕಾಯುತ್ತಿದ್ದಾರೆ, ಇವತ್ತೇ ಅವರಿಗೆ ಮಾತು ಕೊಡುತ್ತೇನೆ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಸೈಕಲ್ಲು ಓಣಿಯ ತಿರುವು ದಾಟುವವರೆಗೂ ಅವಳು ಟಾರ್ಚಿನ ಗುಂಡಿ ಒತ್ತುತ್ತಲೇ ಇದ್ದಳು.

ಅಣ್ಣ ಬರುವವರೆಗೆ ಕಾಯಲು ಮನಸ್ಸಾಗಲಿಲ್ಲ. ತಲೆತುಂಬ ಸೆರಗು ಹೊದ್ದು ಗದಗಿಗೆ ನಡೆದಳು. ಸ್ಟೇಶನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುವ ಉಳವಪ್ಪನ ಅಂಗಡಿ ತೆರೆದಿತ್ತು.

ಉಳವಪ್ಪ ಟಾರ್ಚಿನ ತಲೆ ತಿರುಗಿಸಿ ಬಿಚ್ಚಿದ. ಬಲ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ತಂತಿ ಕಡಿದಿಲ್ಲ ಎಂದ. ಸೆಲ್ಲಿನ ಕೆಳಗಿನ ಸ್ಪ್ರಿಂಗು ಮಾತ್ರ ಜಾಗ ಬಿಟ್ಟು ವಾಲಿತ್ತು. ಚಿಮಟದಿಂದ ಅದನ್ನು ಕೂಡಿಸಿ ಗುಂಡಿ ಒತ್ತಿದ. ಹತ್ತಿತು. ಹಸೀನಾಬಿಗೆ ಹೋದ ಉಸಿರು ಬಂದಂತಾಯಿತು.

“ಜ್ವಾಕಿರಿ, ಜಿದ್ದಾದ ಮಾಲು ಅದು,” ಎಂದಳು.

ಉಳವಪ್ಪ ನಕ್ಕ. “ಯಾರ ಹೇಳಿದ್ರು, ಅಕ್ಕಾರ? ಇದು ಮುಂಬೈ ಮಾಲು. ಈ ಸ್ಪ್ರಿಂಗ ನಾನ ಹಾಕಿದ್ದು, ಬಾಲ್‌ಪೆನ್ನಿಂದು ನೋಡ್ರಿ. ಬಂದಿದ್ದ ಸ್ಪ್ರಿಂಗ ಬರೋಬರಿ ಇರಲಿಲ್ಲಂತ ಎಲ್ಲಾದಕ್ಕೂ ಬದಲಿ ಹಾಕೇ ಮಾರೀನಿ. ಮ್ಯಾಲಿನ ಹಿಂದಿ ಅಕ್ಷರಾನೂ ನಾನ ಕೆರದ ಕೊಟ್ಟೀನಿ, ಒಯ್ದವ್ರು ಹೇಳಿದ್ರಂತ.”

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇಲ್ಲಿ ಕೊಂಡದ್ದು. ಹಾಗಾದರೆ ಗಂಡ ಜಿದ್ದಾದಲ್ಲಿಲ್ಲ. ಹೋದ ವರ್ಷ ಇದೇ ಗದಗಿನಲ್ಲಿದ್ದ, ಇದೇ ಅಂಗಡಿಯ ಕಟ್ಟೆ ಹತ್ತಿದ್ದ. ಬರಿಗೈಯಲ್ಲಿ ಮುಖ ತೋರಿಸಲು ನಾಚಿ ಸುಳ್ಳು ಹೇಳಿ ಕಳಿಸಿರಬೇಕು. ಸಿಟ್ಟಿಗಿಂತ ಮೊದಲು ಸಂತೋಷವೇ ಬಂತು.

ಎತ್ತರದ ಮನುಷ್ಯನಲ್ಲವೇ, ಹುಬ್ಬಿನ ಮೇಲೆ ಗಾಯದ ಕಲೆ ಇತ್ತಲ್ಲವೇ ಎಂದು ಕೇಳಿದಳು.

“ಇಲ್ರಿ, ಅವ್ರು ನನ್ನ ಗುರುತಿನವ್ರ,” ಅಂದ ಉಳವಪ್ಪ. “ಲಕ್ಷ್ಮೇಶ್ವರದ ಮೆಣಸಿನಕಾಯಿ ಕರೀಮಸಾಬ್ರು. ತಂಗಿಗೆ ಕೊಡಾಕಂತ ಒಯ್ದ್ರು.”