ಕಾರ್ನ್‌ಫ್ಲೇಕ್ಸ್ ಬಿಸ್ಕತ್ತಿನ ಡಬ್ಬಿ

“ನಮ್ಮಮ್ಮ ಕುಕ್ಕರಿನ ತಳಕ್ಕೆ ಮರಳು ಹಾಕಿ ಬಿಸ್ಕತ್ತನ್ನ ಹೀಗೇ ಬೇಯಿಸ್ತಿದ್ರು ಆಂಟಿ,” ಎಂದು ಕೆಳಗಿನ ಮನೆಯವಳು ಕಾರ್ನ್‌ಫ್ಲೇಕ್ಸ್ ಬಿಸ್ಕತ್ತಿನ ಡಬ್ಬಿ ಕೊಟ್ಟು ಹೋದಳು.

ವತ್ಸಲಮ್ಮ ಮೂಗು ಮುರಿದರು. ಹಾಲಿಗೆ ಹಾಕಿಕೊಳ್ಳುವುದನ್ನು ಬೇಯಿಸಿಬಿಟ್ಟರೆ ಅದೂ ಒಂದು ತಿಂಡಿಯೇ? ಮನೆಯ ನಾಯಿ ಟಾಮಿಯೂ ಮೂಸಲಾರದು! ಅಷ್ಟನ್ನೂ ಬೇರೆ ಡಬ್ಬಿಗೆ ಸುರಿದು ಎದುರುಮನೆಯ ಪ್ರೇಮಕ್ಕನಿಗೆ ಸಾಗಹಾಕಿದರು. ಕೆಳಗಿನವಳಿಗೆ ಖಾಲಿ ಡಬ್ಬಿ ಕೊಡಬಾರದಲ್ಲ. ಅಡುಗೆ ಎಂದರೇನೆಂದು ಕಲಿಯಲಿ ಎಂದು ತಮ್ಮ ಕೈಯಾರೆ ಮಾಡಿದ ಕರಿ ಎಳ್ಳಿನ ಚಕ್ಕುಲಿ ತುಂಬಿ ಕಳಿಸಿದರು.

ಮೂರನೆಯ ದಿನ ಪ್ರೇಮಕ್ಕ ಡಬ್ಬಿ ತಂದರು.

“ನಿಮ್ಮ ಬಿಸ್ಕತ್ತು ಒಂದೇ ದಿನಕ್ಕೆ ಖಾಲಿ ಕಣ್ರೀ! ಬರೀ ಡಬ್ಬಿ ಹೇಗೆ ಕೊಡೋದು ಅಂತ ಕೆಳಗಿನ ಮನೆಯವ್ಳು ಕೊಟ್ಟಿದ್ದನ್ನೇ ತುಂಬಿದೀನಿ. ನಮ್ಮನೇಲಿ ಯಾರ ಹಲ್ಲಿಗೂ ಬಗ್ಗಲಿಲ್ಲ. ನಿಮ್ಮ ಟಾಮಿಗಾದ್ರೂ ಆಗುತ್ತೆ.”

“ಅವಳ ಕೈಗುಣ ನಂಗೊತ್ತಿಲ್ವಾ!” ಎಂದು ನಗುತ್ತಾ ವತ್ಸಲಮ್ಮ ಮುಚ್ಚಳ ತೆಗೆದರು.

ಒಳಗಿದ್ದದ್ದು ಕರಿ ಎಳ್ಳಿನ ಚಕ್ಕುಲಿ.