ಒಂದು ಜೊತೆ ಕಿವಿ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಮ್ಮ ಮಗಳ ಬೆರಳಿನ ಪಟ್ಟಿ ಬಿಚ್ಚುತ್ತಿದ್ದಳು. ಒಂದು ಸುತ್ತು, ಇನ್ನೊಂದು ಸುತ್ತು. ಮಗ್ಗದ ಲಾಳಿ ಹಾರಿ ಬಡಿದು ಬೆರಳು ಸೀಳಿ ಒಂಬತ್ತು ದಿನವಾಗಿತ್ತು. ಕೊನೆಯ ಸುತ್ತು ಕಳಚಿದಾಗ ಅಡಿಯಲ್ಲಿ ಹಸುಗೂಸಿನದಂಥ ಗುಲಾಬಿ ಚರ್ಮ ಕಂಡಿತು. ಅಮ್ಮ ಅದರ ಮೇಲೆ ಮೆಲ್ಲಗೆ ಊದಿ, ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಒಗೆದಿಟ್ಟರೆ ಇನ್ನೊಂದು ಗಾಯಕ್ಕಾಗುತ್ತದೆ.

'ಮಾಯ್ತು' ಎಂದಿತು ಅಮ್ಮನ ತುಟಿ. ದನಿ ಇರಲಿಲ್ಲ. ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಗಿರಣಿಯಲ್ಲಿ ಕೂಗಿದರೆ ಗಂಟಲು ನೋಯುವುದಷ್ಟೇ ಲಾಭ. ಅಲ್ಲಿ ಎಲ್ಲರೂ ಬರೀ ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಆ ಅಭ್ಯಾಸ ಮನೆಗೂ ಬಂದಿತ್ತು. ಹಾಗಾಗಿ ಅಮ್ಮನ ಕಿವಿ ಯಾವ ವರ್ಷ ಹೋಯಿತೆಂದು ಮಗಳಿಗೂ ಗೊತ್ತಾಗಿರಲಿಲ್ಲ. ವರ್ಷಕ್ಕೊಮ್ಮೆ ಗಿರಣಿಗೆ ಕಿವಿ ಪರೀಕ್ಷೆಗೆ ಬರುತ್ತಿದ್ದವನು ಸದ್ದಿನ ಗುಂಡಿ ಒತ್ತುವಾಗಲೆಲ್ಲ ಹುಬ್ಬು ಏರಿಸುತ್ತಿದ್ದ. ಹುಬ್ಬು ಏರಿದಾಗಲೆಲ್ಲ ಅಮ್ಮ ಕೇಳಿಸಿತೆಂದು ಕೈ ಎತ್ತುತ್ತಿದ್ದಳು. ಹನ್ನೊಂದು ವರ್ಷವೂ ಪಾಸು.

ಈ ವರ್ಷ ಅವನು ಬರಲಿಲ್ಲ. ಎಲ್ಲರೂ ಆಸ್ಪತ್ರೆಗೇ ಹೋಗಬೇಕೆಂದು ಗಿರಣಿಯವರು ಹೇಳಿದರು. ಇಲ್ಲಿನ ಡಾಕ್ಟರಮ್ಮ ಅಮ್ಮನನ್ನು ಸಣ್ಣ ಕೋಣೆಯೊಂದರಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಅಮ್ಮನ ಕೈ ಎರಡೇ ಸಲ ಎದ್ದಿತು. ಎರಡು ಸಲವೂ ಡಾಕ್ಟರಮ್ಮ ಗುಂಡಿ ಒತ್ತಿರಲಿಲ್ಲ. ಆಮೇಲೆ ಅದೇ ಗೋಡೆಯ ಮುಂದೆ ಮಗಳು ಕೂತಳು.

"ನಿಮ್ಮಮ್ಮಂದು ಪೂರ್ತಿ ಹೋಗಿದೆ. ಇನ್ನು ಬರಲ್ಲ," ಎಂದರು ಡಾಕ್ಟರಮ್ಮ, ಕಾಗದದ ಮೇಲೆ ಬಗ್ಗಿ ಬರೆಯುತ್ತಲೇ.

ಮಗಳು ಬೆರಳು ಚಾಚಿದಳು. "ಇದು ಬಾಯಿಬಿಟ್ಟುಕೊಂಡಿತ್ತು. ಒಂಬತ್ತು ದಿನಕ್ಕೆ ಕೂಡಿಕೊಳ್ತು. ಕಿವಿ ಯಾಕೆ ಮಾಯಲ್ಲ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಚರ್ಮದ ಅಡಿಯಲ್ಲಿ ಬಿಡುವಾಗಿರೋ ಜೀವಕೋಶಗಳು ಇರ್ತವೆ. ಮೇಲೆ ಹರಿದ್ರೆ ಒಂದು ಎರಡಾಗಿ, ಎರಡು ನಾಲ್ಕಾಗಿ ತೇಪೆ ಹಾಕ್ತವೆ. ಕಿವಿಯೊಳಗಿನವು ಹಾಗಲ್ಲ. ನಾವು ಹುಟ್ಟೋಕೆ ಮೊದಲೇ ಕೆಲಸಕ್ಕೆ ನಿಂತವು. ಒಂದೊಂದರ ತಲೆ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು, ಸಾಲಾಗಿ. ಎರಡಾಗಬೇಕು ಅಂದ್ರೆ ಅದನ್ನೆಲ್ಲ ಬಿಚ್ಚಿಹಾಕಬೇಕು. ದೇಹ ಅದಕ್ಕೆ ಬಿಡಲ್ಲ. ಹುಟ್ಟುವಾಗ ಎಷ್ಟಿದ್ದವೋ ಅಷ್ಟೇ. ಸತ್ತದ್ದರ ಜಾಗಕ್ಕೆ ಇನ್ನೊಂದು ಬರಲ್ಲ."

"ಏನಂತೆ?" ಅಮ್ಮ ಕೇಳಿದ್ದು ಹೊರಗೆ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು.

ಮಗಳು ತುಟಿಯಲ್ಲೇ ಎಲ್ಲ ಹೇಳಿದಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಾ ಕೂತಿದ್ದು, ಕೊನೆಗೆ ತಲೆಯಾಡಿಸಿ ಡಾಕ್ಟರಮ್ಮನ ಕಡೆ ತಿರುಗಿದಳು.

"ಹಾಸಿನ ಎಳೆ ಹೂಡಿದ ಮಗ್ಗ ಇದ್ದ ಹಾಗೆ ಅನ್ನಿ. ನೇಯ್ತಾ ಇರೋದನ್ನ ನಡುವೆ ಸೀಳಿ ಎರಡು ಮಗ್ಗ ಮಾಡು ಅಂದ್ರೆ? ಸಾವಿರ ಎಳೆ ಕತ್ತರಿಸಬೇಕಾಗುತ್ತೆ. ಬಟ್ಟೆಯೂ ಇಲ್ಲ, ಮಗ್ಗವೂ ಇಲ್ಲ." ಆಮೇಲೆ ನಕ್ಕಳು. "ಹೋಗ್ಲಿ ಬಿಡಿ ಡಾಕ್ಟರಮ್ಮ, ಮೇಸ್ತ್ರಿ ಬೈಯೋದು ಕೇಳೋಕೆ ಕಿವಿ ಬೇರೆ ಬೇಕಾ?"

ಡಾಕ್ಟರಮ್ಮ ನಗಲಿಲ್ಲ. ಮತ್ತೆ ಕಾಗದದ ಮೇಲೆ ಬಗ್ಗಿದರು. ಅವರ ತುಟಿ ಅಮ್ಮನಿಗೆ ಕಾಣುತ್ತಿರಲಿಲ್ಲ. "ನಿನ್ನದೂ ಶುರುವಾಗಿದೆಯಮ್ಮ. ಬಲಗಿವಿ ಅರ್ಧ ಹೋಗಿದೆ. ಈಗಲೇ ಮಗ್ಗ ಬಿಟ್ಟರೆ ಉಳಿದಿದ್ದು ಉಳಿಯುತ್ತೆ. ಇಲ್ಲಾಂದ್ರೆ ಇನ್ನು ಆರೇಳು ವರ್ಷಕ್ಕೆ ನೀನೂ ಹೀಗೇ."

ಅಮ್ಮ ಮಗಳ ಮೊಣಕೈ ತಿವಿದಳು. "ನಿನ್ನದೇನಂತೆ?"

ಶಾಲೆ ಬಿಡಿಸಿ, ಕೈ ಹಿಡಿದು ಕರೆತಂದು, ತನ್ನ ಪಕ್ಕದ ಮಗ್ಗಕ್ಕೆ ನಿಲ್ಲಿಸಿದವಳು ಅಮ್ಮನೇ. ಮಗಳು ಅವಳ ಮುಖ ನೋಡಿದಳು.

'ಚೆನ್ನಾಗಿದೆಯಂತೆ' ಎಂದಿತು ಮಗಳ ತುಟಿ.

"ಸದ್ಯ! ಮನೆಯಲ್ಲಿ ಒಂದು ಜೊತೆ ಕಿವಿಯಾದರೂ ಉಳೀತಲ್ಲ. ಇನ್ಮೇಲೆ ಯಾರಾದರೂ ಬಾಗಿಲು ಬಡಿದ್ರೆ ನೀನೇ ಏಳಬೇಕು, ತಿಳೀತಾ?"

ದಾರಿಯುದ್ದಕ್ಕೂ ಅಮ್ಮ ಹಗುರವಾಗಿ ನಡೆದಳು. ಮನೆಗೆ ಬಂದವಳೇ ಚೀಲದಿಂದ ಪಟ್ಟಿ ತೆಗೆದು ಹಿತ್ತಿಲ ನಲ್ಲಿಯ ಕೆಳಗೆ ಕೂತು ಉಜ್ಜತೊಡಗಿದಳು. ರಕ್ತದ ಕಲೆ ಬಿಡುತ್ತಿರಲಿಲ್ಲ. ಮಗಳು ಹಿಂದೆ ಹೊಸ್ತಿಲಲ್ಲಿ ನಿಂತಳು. ನೀರು ಬಕೆಟ್ಟಿಗೆ ಬೀಳುವುದು ಕಾಣುತ್ತಿತ್ತು. ಎಡಗಿವಿಯನ್ನು ಅತ್ತ ತಿರುಗಿಸಿದಳು, ಸದ್ದು ಬಂತು. ಬಲಗಿವಿಯನ್ನು ತಿರುಗಿಸಿದಳು. ನೀರು ಹತ್ತಿಯ ಮೇಲೆ ಬಿದ್ದಂತಾಯಿತು.

ಅಮ್ಮ ಇತ್ತ ತಿರುಗದೆ ಬೆನ್ನು ಬಗ್ಗಿಸಿ ಪಟ್ಟಿ ಹಿಂಡುತ್ತಿದ್ದಳು. ಮಗಳು ಗಂಟಲು ಸರಿಮಾಡಿಕೊಂಡಳು. ಈ ಮನೆಯಲ್ಲಿ ದನಿ ತೆಗೆದು ಮಾತಾಡಿ ಎಷ್ಟು ದಿನವಾಗಿತ್ತೋ, ಅವಳ ದನಿ ಅವಳಿಗೇ ಬೇರೆಯವರದು ಅನ್ನಿಸಿತು.

"ಅಮ್ಮಾ, ನಾಳೆಯಿಂದ ನನ್ನನ್ನ ಮಗ್ಗಕ್ಕೆ ಕರ್ಕೊಂಡು ಹೋಗಬೇಡ."