ಶೆಡ್ಡಿನ ಮೇಲೆ ಐದು ದೂರು

"ಅಕ್ಕಾ, ಮತ್ತೆ ಬಂತು ನೋಡಿ ಶನಿ," ಎಂದು ಗಾರೆಯವ ಕರಣೆಯನ್ನು ಬಾಂಡಲಿಗೆ ಎಸೆದ. ಹೊಲದ ಅಂಚಿನಲ್ಲಿ ಸರ್ಕಾರಿ ಜೀಪು ನಿಂತಿತ್ತು. ಎರಡು ತಿಂಗಳಲ್ಲಿ ಇದು ಐದನೆಯ ಸಲ.

ಬೋರ್ಡಕ್ಕ ಏಣಿಯ ಮೇಲಿದ್ದಳು. ಅವಸರ ಮಾಡದೆ ತಗಡಿಗೆ ಕೊನೆಯ ಮೊಳೆ ಹೊಡೆದು ಇಳಿದಳು. "ಬರಲಿ ಬಿಡು. ಚಹಾಕ್ಕೆ ಇಡ್ತೀನಿ."

ಮೂವತ್ತು ವರ್ಷ ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆದು ಬಂದ ಹೆಸರು ಅದು. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸವಿಲ್ಲದಾಯಿತು. ಬಾಡಿಗೆ ಕೋಣೆಯನ್ನು ಈ ತಿಂಗಳ ಕೊನೆಗೆ ಬಿಡಬೇಕು. ಉಳಿದಿದ್ದು ಅಪ್ಪ ಕೊಟ್ಟ ಈ ತುಂಡು ಹೊಲ, ಅದರಲ್ಲೊಂದು ತಗಡಿನ ಶೆಡ್ಡು. ಇಷ್ಟು ದಿನ ಅದರಲ್ಲಿ ಗೊಬ್ಬರದ ಚೀಲಗಳೂ ಇಲಿಗಳೂ ಇದ್ದವು. ಇನ್ನು ಮುಂದೆ ನಾನಿರುತ್ತೇನೆ ಎಂದಳು. ಕರೆಂಟಿನ ಕಂಬ ಮೂರು ಹೊಲ ಆಚೆಗಿತ್ತು. ಇರಲಿ, ಕರೆಂಟೇ ಬೇಡ ಎಂದಳು. ಮಾಡಿನ ಮೇಲೆ ಹಳೆಯ ಸೋಲಾರ್ ಹಲಗೆ ಏರಿತು, ಮಗ್ಗುಲಲ್ಲಿ ಮಳೆನೀರಿನ ತೊಟ್ಟಿ ಎದ್ದಿತು. ತಗಡಿನ ಕಾವು ತಡೆಯಲು ಹರಿದ ಫ್ಲೆಕ್ಸುಗಳನ್ನೇ ಗೋಣಿಯ ಜೊತೆ ಪದರ ಪದರವಾಗಿ ಹೊದಿಸಿದಳು. ಅನ್ನ ಕಿತ್ತುಕೊಂಡದ್ದು ನೆರಳಾದರೂ ಕೊಡಲಿ ಎಂಬುದು ಅವಳ ವಾದ.

ಬೇಕಾಗಿದ್ದು ಒಂದೇ ಕಾಗದ. 'ವಾಸಕ್ಕೆ ಯೋಗ್ಯ' ಎಂಬ ಪತ್ರ. ಅದಿಲ್ಲದೆ ಶೆಡ್ಡಿನಲ್ಲಿ ಮನುಷ್ಯರು ಮಲಗುವ ಹಾಗಿಲ್ಲ, ಮಲಗಿದರೆ ಕೆಡವುತ್ತಾರೆ. ಎರಡು ವರ್ಷದಲ್ಲಿ ಅವಳು ಮೂರು ಅರ್ಜಿ ಕೊಟ್ಟಿದ್ದಳು. ಮೂರೂ ತಾಲೂಕು ಕಚೇರಿಯ ಕಪಾಟಿನಲ್ಲಿ ಕುಂಭಕರ್ಣನ ನಿದ್ದೆ ಹೊಡೆಯುತ್ತಿದ್ದವು.

ಅದೇ ಕಚೇರಿಗೆ ಬಂದ ದೂರುಗಳು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿದವು. ಮೊದಲನೆಯದು, ಕಿಟಕಿ ಸಣ್ಣದು, ಗಾಳಿಯಿಲ್ಲ ಎಂದಿತು. ಎರಡನೆಯದು, ಕಕ್ಕಸಿನ ಗುಂಡಿ ಬಾವಿಗೆ ಹತ್ತಿರ ಎಂದಿತು. ಮೂರನೆಯದಕ್ಕೆ ಮುಚ್ಚಳವಿಲ್ಲದ ತೊಟ್ಟಿಯ ಮೇಲೆ ಕಣ್ಣು. ಎಲ್ಲದರ ಕೆಳಗೂ ಒಂದೇ ಒಕ್ಕಣೆ: 'ಇಂತಿ, ನೊಂದ ನೆರೆಯವರು.'

ಪ್ರತಿ ಸಲವೂ ಅಧಿಕಾರಿ ಮುಖ ಗಂಟಿಕ್ಕಿಕೊಂಡು ಬಂದು ತಪ್ಪು ಹುಡುಕಿ ನೋಟೀಸು ಬರೆಯುತ್ತಿದ್ದ. ಬೋರ್ಡಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. "ಬಾಯಲ್ಲಿ ಹೇಳಿದ್ರೆ ನನ್ನ ತಲೆಗೆ ಹೋಗಲ್ಲ ಸಾರ್. ಹೇಗಿರ್ಬೇಕು ಅಂತ ಬರೆದು ತೋರಿಸಿ." ಅವನು ಗೊಣಗುತ್ತಲೇ ನೋಟೀಸಿನ ಬೆನ್ನಿಗೆ ಅಳತೆ ಸಮೇತ ಚಿತ್ರ ಬರೆದುಕೊಡುತ್ತಿದ್ದ. ವಾರ ಕಳೆಯುವುದರೊಳಗೆ ಗೋಡೆ ಒಡೆದು ಕಿಟಕಿ ದೊಡ್ಡದಾಗುತ್ತಿತ್ತು, ಗುಂಡಿ ದೂರ ಹೋಗುತ್ತಿತ್ತು. ಸೋಲುವ ಜಾತಿಯಲ್ಲ ಅವಳು.

ನಾಲ್ಕನೆಯ ದೂರು ಬಂದಾಗ ಗಾರೆಯವ ಕೆಂಡವಾದ. ಬ್ಯಾಟರಿ ಮಂಚದ ಕೆಳಗಿದೆ, ಪ್ರಾಣಾಪಾಯ ಎಂದು ಅದರಲ್ಲಿತ್ತು. "ಅದನ್ನಿಟ್ಟು ಮೂರು ದಿನ ಆಗಿಲ್ಲ! ಬಾಗಿಲು ಹಾಕಿದ ಮನೆಯೊಳಗಿಂದು ಅವನಿಗೆ ಹೇಗೆ ಗೊತ್ತಾಯ್ತು?" ಎನ್ನುತ್ತ ಪಕ್ಕದ ಹೊಲದ ಕಡೆ ನೋಡಿದ. ಅದು ಬೋರ್ಡಕ್ಕನ ಅಣ್ಣನ ಹೊಲ. ಅಣ್ಣನಿಗೆ ಈ ತುಂಡಿನ ಮೇಲೆ ಮೊದಲಿನಿಂದಲೂ ಕಣ್ಣು.

ಇವತ್ತೂ ಜೀಪು ಕಂಡೊಡನೆ ಅಣ್ಣ ಬದುವಿನ ಮೇಲೆ ಹಾಜರಾದ.

"ತಂಗಿ ಶೆಡ್ಡಲ್ಲಿ ಬಿದ್ದಿರ್ತಾಳೆ ಅಂದ್ರೆ ನಾನು ಹೇಗೆ ತಲೆ ಎತ್ಲಿ? ಈಗಲೂ ಹೇಳ್ತೀನಿ. ಹೊಲ ನನಗೆ ಬಿಡು, ನಮ್ಮನೆ ಹಿಂದಿನ ಕೋಣೇಲಿ ಇರು."

"ನಿನ್ನ ಹಿಂದಿನ ಕೋಣೆಗೆ ಕಿಟಕಿನೇ ಇಲ್ವಲ್ಲ ಅಣ್ಣ. ನನ್ನ ಶೆಡ್ಡಿಗೆ ಎರಡಿವೆ."

ಅಧಿಕಾರಿ ಹೊಸ ಪತ್ರ ಬಿಡಿಸಿ ಓದಿದ. "ಈ ಶೆಡ್ಡು ಯಾವ ರೀತಿಯಲ್ಲೂ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ. ಯೋಗ್ಯವೋ ಅಲ್ಲವೋ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಮೇಲಿನವರಿಗೆ ಬರೆಯುತ್ತೇವೆ." ಪತ್ರ ಮಡಚಿ ನಿಟ್ಟುಸಿರು ಬಿಟ್ಟ. "ಮೇಲಿನವರು ಅಂದ್ರೆ ನನ್ನ ಕುತ್ತಿಗೆಗೇ ಬರುತ್ತೆ. ಇವತ್ತು ಒಂದೋ ಆಚೆ, ಒಂದೋ ಈಚೆ ಅಮ್ಮಾ."

ಅಳತೆ ಟೇಪಿನ ಒಂದು ತುದಿಯನ್ನು ಬೋರ್ಡಕ್ಕನೇ ಹಿಡಿದಳು. ಒಂದು ಗೇಣು ತಪ್ಪಿದರೂ ಸೂರು ಹೋಯಿತು. ಅಣ್ಣನ ಕತ್ತಲೆ ಕೋಣೆಯೇ ಗತಿ. ಅಧಿಕಾರಿ ಕಿಟಕಿ ಅಳೆದ, ಗುಂಡಿಯಿಂದ ಬಾವಿಗೆ ಹೆಜ್ಜೆ ಹಾಕಿದ, ತೊಟ್ಟಿಯ ಮುಚ್ಚಳ ಎತ್ತಿ ನೋಡಿದ. ಬ್ಯಾಟರಿ ಈಗ ಹೊರಗೆ, ಗಾಳಿಕಿಂಡಿಯಿದ್ದ ಇಟ್ಟಿಗೆ ಗೂಡಿನಲ್ಲಿ ಕೂತಿತ್ತು. ಗೂಡಿನ ಚಿತ್ರ ಅವನದೇ. ಅಳತೆಯೂ ಅವನದೇ.

ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದ. ಮೊಹರು ಒತ್ತಿದ. 'ವಾಸಕ್ಕೆ ಯೋಗ್ಯ.'

ಅಣ್ಣ ಬದುವಿನಿಂದಲೇ ಬೆನ್ನು ತಿರುಗಿಸಿ ಹೋದ. ಹೋಗುವವನನ್ನು ನೋಡುತ್ತ ಅಧಿಕಾರಿ ದನಿ ತಗ್ಗಿಸಿದ. "ಐದು ಪತ್ರ, ಐದು ಥರ ಅಕ್ಷರ. ಯಾರ್‍ಯಾರ ಕೈಲೋ ಬರೆಸಿರ್ಬೇಕು. ನಿಮ್ಮ ಮೇಲೆ ಇಷ್ಟು ಹಗೆ ಯಾರಿಗಮ್ಮಾ?"

"ಯಾರೇ ಆಗ್ಲಿ ಸಾರ್, ಚೆನ್ನಾಗಿರ್ಲಿ."

ಜೀಪು ಹೋಯಿತು. ಬೋರ್ಡಕ್ಕ ಕಾಗದವನ್ನು ಎರಡೆರಡು ಸಲ ಓದಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಗಾರೆಯವ ಹೊಸ್ತಿಲ ಮೇಲೆ ಕೂತು ತಣ್ಣಗಾದ ಚಹಾ ಕುಡಿದ.

"ನನ್ನದೂ ಒಂದು ಕೋಳಿ ಶೆಡ್ಡಿದೆ ಅಕ್ಕಾ. ಹೆಂಡತಿ ಮಕ್ಕಳನ್ನ ಅಲ್ಲಿಗೇ ಕರ್ಕೊಂಡು ಹೋಗೋಣ ಅಂತ ಎರಡು ಅರ್ಜಿ ಕೊಟ್ಟೆ. ಕೇಳೋರೇ ಇಲ್ಲ. ನೀವೇ ಒಂದು ಚೆನ್ನಾಗಿ ಬರ್ಕೊಡಿ."

ಬೋರ್ಡಕ್ಕ ಒಳಗಿಂದ ಬಿಳಿಹಾಳೆ ತಂದು ತೊಡೆಯ ಮೇಲೆ ಹರಡಿಕೊಂಡಳು. "ಅರ್ಜಿ ಯಾಕೋ? ನಿನ್ನ ಮೇಲೂ ಒಂದು ದೂರು ಬರೀತೀನಿ. ಓರೆ ಅಕ್ಷರ ಬೇಕೋ, ದುಂಡಗಿರೋದೋ?"